ಆತಂಕ ಮತ್ತು ಖಿನ್ನತೆಯ ಔಷಧಿಗಳು: ಮೊದಲ ಕೆಲವು ವಾರಗಳ ಶುಶ್ರೂಷೆ

ಖಿನ್ನತೆಗೆ ಕೊಡುವ ಔಷಧಿಗಳಲ್ಲಿ ಹೆಚ್ಚಿನವು ಮೊದಲು ತೊಂದರೆಯನ್ನೂ ಆಮೇಲೆ ಗುಣವನ್ನೂ ತೋರಿಸುತ್ತವೆ. ಎಸ್ಸಿಟಲೋಪ್ರಾಮ್ ಅಥವಾ ಸರ್ಟ್ರಾಲಿನ್ ಆರಂಭಿಸಿದ ಒಂದೆರಡು ದಿನಗಳಲ್ಲೇ ಹೊಟ್ಟೆ ತೊಳಸಬಹುದು, ತಲೆ ಭಾರವಾಗಬಹುದು, ನಿದ್ದೆ ಕೆಡಬಹುದು; ಮನಸ್ಸು ಹಗುರವಾಗತೊಡಗುವುದಕ್ಕೆ ಎರಡರಿಂದ ನಾಲ್ಕು ವಾರ, ಪೂರ್ಣ ಪರಿಣಾಮಕ್ಕೆ ಆರರಿಂದ ಎಂಟು ವಾರ ಹಿಡಿಯುತ್ತದೆ. ಈ ನಡುವಿನ ಅವಧಿಯಲ್ಲಿ ವೈದ್ಯರು ರೋಗಿಯನ್ನು ನೋಡುವುದು ಒಂದೆರಡು ಸಲ, ಅದೂ ನೂಕುನುಗ್ಗಲಿನ ಓಪಿಡಿಯಲ್ಲಿ ಕೆಲವೇ ನಿಮಿಷ. ಉಳಿದ ಹೊತ್ತಿನಲ್ಲಿ ರೋಗಿಯ ಕಣ್ಣೆದುರು ಇರುವವರು ನರ್ಸ್‌ಗಳು. ರೋಗಿ ಔಷಧಿಯನ್ನು ಮುಂದುವರಿಸುತ್ತಾನೋ ಎರಡನೆಯ ವಾರಕ್ಕೇ ಕೈಬಿಡುತ್ತಾನೋ ಎನ್ನುವುದು ಬಹಳಮಟ್ಟಿಗೆ ಅವರು ಏನು ಕೇಳಿದರು, ಏನು ಗಮನಿಸಿದರು, ಯಾವುದನ್ನು ಮೊದಲೇ ಹೇಳಿಟ್ಟರು ಎಂಬುದರ ಮೇಲೆ ನಿಂತಿದೆ. ಮುಂಬಯಿ, ಪುಣೆ, ಗೋವಾಗಳ ಆಸ್ಪತ್ರೆಗಳಲ್ಲಿ ಅಥವಾ ಮನೆ ಶುಶ್ರೂಷೆಯಲ್ಲಿ ದುಡಿಯುತ್ತಿರುವ ಕನ್ನಡದ ನರ್ಸ್‌ಗಳಿಗಾಗಿ ಈ ಬರಹ. ಔಷಧಿಯ ಆಯ್ಕೆ, ಪ್ರಮಾಣ, ಬದಲಾವಣೆಗಳು ವೈದ್ಯರ ಕೆಲಸ. ಇಲ್ಲಿ ಹೇಳಿರುವ ಅಂಕಿಗಳು ಗಮನಿಸುವುದಕ್ಕಾಗಿ ಇವೆಯೇ ಹೊರತು ಸ್ವಂತವಾಗಿ ಮಾತ್ರೆ ಹೆಚ್ಚುಕಡಿಮೆ ಮಾಡುವುದಕ್ಕಾಗಿ ಅಲ್ಲ.

ಮೊದಲ ಮಾತ್ರೆಗೆ ಮುಂಚೆ

ರೋಗಿ ಈಗಾಗಲೇ ಏನೇನು ನುಂಗುತ್ತಿದ್ದಾನೆ ಎಂಬ ಪಟ್ಟಿಯನ್ನು ಕೇಸ್‌ಪೇಪರಿನಿಂದ ನಕಲು ಮಾಡಬೇಡಿ, ಮನೆಯಿಂದ ಮಾತ್ರೆಯ ಚೀಲವನ್ನೇ ತರಿಸಿ ನೋಡಿ. ಮೊಣಕಾಲು ನೋವಿಗೆಂದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಡೈಕ್ಲೋಫಿನ್ಯಾಕ್, ಹೃದಯದ ವೈದ್ಯರು ಬರೆದ ಆಸ್ಪಿರಿನ್, ಬಿ.ಪಿ.ಗೆ ಬರೆದ ಕ್ಲೋರ್‌ಥಾಲಿಡೋನ್, ಊರಿನ ವೈದ್ಯರು ಕೊಟ್ಟ ಗಿಡಮೂಲಿಕೆಯ ಪುಡಿ, ಇವೆಲ್ಲ ಆ ಚೀಲದಲ್ಲಿಯೇ ಸಿಗುತ್ತವೆ. ಆಸ್ಪಿರಿನ್ ಮತ್ತು ನೋವಿನ ಮಾತ್ರೆಗಳ ಜೊತೆ, ಸಿರೊಟೊನಿನ್ ಎಂಬ ಮೆದುಳಿನ ರಾಸಾಯನಿಕವನ್ನು ಹೆಚ್ಚಿಸುವ ಎಸ್ಸಿಟಲೋಪ್ರಾಮ್‌ನಂಥ ಖಿನ್ನತೆಯ ಔಷಧಿ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಆದ್ದರಿಂದ ಮಲ ಕಪ್ಪಗಾಗಿದೆಯೇ ಎಂದು ಕೇಳುವುದು ದಿನದ ಪ್ರಶ್ನೆಗಳಲ್ಲಿ ಒಂದಾಗಬೇಕು.

ಮುಂಬಯಿಯಲ್ಲಿ ಕೆಲಸ ಮಾಡುವವರು ಕ್ಷಯದ ಔಷಧಿಗಳನ್ನು ಪ್ರತ್ಯೇಕವಾಗಿ ಕೇಳಲೇಬೇಕು. ಔಷಧ ನಿರೋಧಕ ಕ್ಷಯ ಈ ನಗರದ ದೊಡ್ಡ ಸಮಸ್ಯೆ. ಅದರ ಚಿಕಿತ್ಸೆಯಲ್ಲಿ ಮುಖ್ಯವಾದ ಲಿನೆಜೋಲಿಡ್ ಸಿರೊಟೊನಿನ್ ಅನ್ನು ಒಡೆಯುವ ಎಂಎಒ ಎಂಬ ಕಿಣ್ವವನ್ನು ದುರ್ಬಲವಾಗಿಯಾದರೂ ತಡೆಯುತ್ತದೆ, ಹಾಗಾಗಿ ಖಿನ್ನತೆಯ ಔಷಧಿಯೊಡನೆ ಸೇರಿದಾಗ ಸಿರೊಟೊನಿನ್ ಮಿತಿಮೀರುವ ಅಪಾಯವಿದೆ. ಸೈಕ್ಲೋಸೆರಿನ್ ತಾನಾಗಿಯೇ ಖಿನ್ನತೆಯನ್ನೂ ಭ್ರಮೆಯನ್ನೂ ಆತ್ಮಹತ್ಯೆಯ ಯೋಚನೆಯನ್ನೂ ತರಬಲ್ಲದು. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಅನೇಕ ಮನೋರೋಗದ ಔಷಧಿಗಳ ಮಟ್ಟವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಕ್ಷಯದ ಮಾತ್ರೆ ಒಂದು ಕಡೆಯಿಂದ, ಮನಸ್ಸಿನ ಮಾತ್ರೆ ಇನ್ನೊಂದು ಕಡೆಯಿಂದ ಬರುತ್ತಿರುವಾಗ ಎರಡನ್ನೂ ಒಂದೇ ಕಾಗದದ ಮೇಲೆ ಬರೆದು ಎರಡೂ ಕಡೆಯ ವೈದ್ಯರಿಗೆ ತೋರಿಸುವ ಕೆಲಸ ನರ್ಸ್ ಮಾಡದಿದ್ದರೆ ಬೇರೆ ಯಾರೂ ಮಾಡುವುದಿಲ್ಲ ಎಂದೇ ತಿಳಿಯಿರಿ.

ಕುಡಿತದ ವಿಚಾರವನ್ನು ತೀರ್ಪು ಕೊಡುವ ದನಿಯಿಲ್ಲದೆ ಕೇಳಿ: ಏನು, ಎಷ್ಟು, ಕೊನೆಯ ಸಲ ಯಾವಾಗ. ಗೋವಾದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಗೇರುಹಣ್ಣಿನ ಮದ್ಯವಾದ ಉರಾಕ್ ಅಗ್ಗವಾಗಿ ಸಿಗುತ್ತದೆ, ಅದನ್ನು ಹಲವರು ಕುಡಿತದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಂದೆ ಎಂದಾದರೂ ಕೆಲವು ದಿನ ನಿದ್ದೆಯೇ ಬೇಡವೆನಿಸಿ, ಮಾತು ಹೆಚ್ಚಾಗಿ, ಕೈಯಲ್ಲಿದ್ದ ಹಣವನ್ನೆಲ್ಲ ಖರ್ಚು ಮಾಡಿದ್ದುಂಟೇ ಎಂದು ಮನೆಯವರನ್ನು ವಿಚಾರಿಸಿ; ಉನ್ಮಾದದ ಇತಿಹಾಸವಿರುವವರಿಗೆ ಖಿನ್ನತೆಯ ಔಷಧಿಯನ್ನಷ್ಟೇ ಕೊಟ್ಟರೆ ಉನ್ಮಾದ ಮರುಕಳಿಸಬಹುದು. ತೂಕ, ನಾಡಿ, ಕುಳಿತಾಗಿನ ಮತ್ತು ನಿಂತಾಗಿನ ರಕ್ತದೊತ್ತಡ, ಸೋಡಿಯಂ, ವಯಸ್ಸಾದವರಲ್ಲಿ ಇಸಿಜಿ, ಇಷ್ಟು ಮೊದಲ ದಿನವೇ ದಾಖಲಾಗಿದ್ದರೆ ಮುಂದೆ ಹೋಲಿಸಿ ನೋಡಲು ಆಧಾರವಿರುತ್ತದೆ. ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಅಂಕವನ್ನೂ ಬರೆದಿಡಿ. 27ಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಾಧಾರಣ ತೀವ್ರತೆಯ ಖಿನ್ನತೆಯಿಂದ ಮೇಲಿನದು ಎಂದು ಹಿಡಿಯುತ್ತಾರೆ, ಸಾವಿನ ಯೋಚನೆಯನ್ನು ಕೇಳುವ ಒಂಬತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಒಟ್ಟು ಅಂಕವನ್ನು ಕಾಯದೆ ವೈದ್ಯರಿಗೆ ತಿಳಿಸಬೇಕು.

ಹೊಟ್ಟೆ ತೊಳಸುವ ವಾರ

ಗೋವಾದ ವಾಸ್ಕೋದ ಬೈನಾ, ಝುವಾರಿನಗರದ ಕಡೆ ಬಾಗಲಕೋಟೆ, ವಿಜಯಪುರ, ಗದಗಗಳಿಂದ ಬಂದ ಕುಟುಂಬಗಳು ಬಹಳ. ಅಲ್ಲಿಂದ ಬರುವ ರೋಗಿಯೊಡನೆ ಮೊದಲ ವಾರದ ಮಾತು ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ:

“ಸಿಸ್ಟರ್, ಈ ಗುಳಿಗಿ ನುಂಗಿದಾಗಿಂದ ಹೊಟ್ಟಿ ತೊಳಸಾಕತ್ತೈತ್ರಿ. ಮನಸಿಗೇನೂ ಫರಕ್ ಬಿದ್ದಿಲ್ಲ. ಬಿಟ್ಟುಬಿಡ್ಲೇನ್ರಿ?”

“ಬಿಡಬ್ಯಾಡ್ರಿ ಅಣ್ಣಾರ. ಖಾಲಿ ಹೊಟ್ಟ್ಯಾಗ ತಗೋಬ್ಯಾಡ್ರಿ, ಊಟ ಆದ ಮ್ಯಾಲ ತಗೋರಿ. ಹೊಟ್ಟಿ ತೊಳಸೋದು ಎಂಟ್ಹತ್ತು ದಿನದಾಗ ಕಡಿಮಿ ಆಗ್ತೈತಿ. ಮನಸು ಹಗುರಾಗಾಕ ಇನ್ನಾ ಎರಡ್ಮೂರು ವಾರ ಬೇಕ್ರಿ. ನಡುವ ಭಾಳ ತ್ರಾಸ ಆದ್ರ ನನಗ ಹೇಳ್ರಿ, ನೀವಾಗೇ ನಿಂದರಸಬ್ಯಾಡ್ರಿ.”

ಈ ಉತ್ತರದಲ್ಲಿ ಮೂರು ವಿಷಯಗಳಿವೆ: ತೊಂದರೆ ನಿಜವೆಂದು ಒಪ್ಪಿದ್ದು, ಅದಕ್ಕೊಂದು ಗಡುವು ಹೇಳಿದ್ದು, ಗುಣಕ್ಕೆ ಇನ್ನೊಂದು ಗಡುವು ಹೇಳಿದ್ದು. “ಏನೂ ಆಗುವುದಿಲ್ಲ, ತಗೊಳ್ಳಿ” ಎಂದು ಹೇಳಿಬಿಟ್ಟರೆ, ಏನೋ ಆಗುತ್ತಿರುವುದನ್ನು ತನ್ನ ಹೊಟ್ಟೆಯಲ್ಲೇ ಅನುಭವಿಸುತ್ತಿರುವ ಮನುಷ್ಯ ನಮ್ಮ ಮುಂದಿನ ಮಾತನ್ನೂ ನಂಬುವುದಿಲ್ಲ. ನಿದ್ದೆ ಕೆಟ್ಟರೆ ಮಾತ್ರೆಯನ್ನು ಬೆಳಗಿನ ತಿಂಡಿಯ ನಂತರಕ್ಕೆ, ತೂಕಡಿಕೆ ಬಂದರೆ ರಾತ್ರಿಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಫ್ಲೂಆಕ್ಸೆಟಿನ್ ಸಾಮಾನ್ಯವಾಗಿ ಬೆಳಗಿನ ಮಾತ್ರೆ, ಮಿರ್ಟಾಜಪಿನ್ ರಾತ್ರಿಯದು. ಲೈಂಗಿಕ ತೊಂದರೆಯನ್ನು ರೋಗಿಗಳು ತಾವಾಗಿ ಹೇಳುವುದು ಅಪರೂಪ, ಆದರೆ ತಿಂಗಳ ನಂತರ ಔಷಧಿ ಬಿಡುವುದಕ್ಕೆ ಅದೇ ಕಾರಣವಾಗಿರುವುದು ಅಪರೂಪವಲ್ಲ. ಪರದೆ ಎಳೆದು, ಮನೆಯವರನ್ನು ಹೊರಗೆ ಕೂರಿಸಿ ಕೇಳಿ.

ಆರಂಭದ ದಿನಗಳಲ್ಲಿ ಕೆಲವರಿಗೆ ಚಡಪಡಿಕೆ ಹೆಚ್ಚುತ್ತದೆ. ಮಂಚದ ಮೇಲೆ ಕೂರಲಾರರು, ವಾರ್ಡಿನ ಉದ್ದಕ್ಕೂ ನಡೆಯುತ್ತಲೇ ಇರುತ್ತಾರೆ. 25ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಇದನ್ನು ಹಗುರವಾಗಿ ಕಾಣಬಾರದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ವಿಷಯದಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಕಟ್ಟೆಚ್ಚರಿಕೆಯನ್ನು ಈ ಔಷಧಿಗಳ ಮೇಲೆ ಮುದ್ರಿಸಲು ಹೇಳಿ, 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಪ್ರಶ್ನೆಯನ್ನು ನೇರವಾಗಿಯೇ ಕೇಳಬೇಕು: “ಬದುಕು ಸಾಕೆನ್ನಿಸುತ್ತಿದೆಯೇ? ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಿದೆಯೇ? ಹೇಗೆಂದು ಯೋಚಿಸಿದ್ದೀರಾ?” ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದೆಂದರೆ ರೋಗಿಯನ್ನು ಒಬ್ಬರೇ ಬಿಡದೆ ವೈದ್ಯರನ್ನು ಕರೆಸಿ, ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ಬಾಯಿಮಾತಿನಲ್ಲಿಯೂ ಬರಹದಲ್ಲಿಯೂ ತಿಳಿಸಿ. ಮೊದಲೆಲ್ಲ ಹಾಸಿಗೆ ಬಿಟ್ಟು ಏಳದಿದ್ದವರು ಮನಸ್ಸು ಇನ್ನೂ ಕತ್ತಲಾಗಿರುವಾಗಲೇ ಓಡಾಡುವ ಶಕ್ತಿ ಪಡೆದರೆ, ಮನೆಯವರು “ಸುಧಾರಿಸಿದ್ದಾರೆ” ಎಂದು ಕಾವಲು ಸಡಿಲಿಸುವುದು ಆಗಲೇ.

ವಯಸ್ಸಾದವರ ಮಂಕು

ಎಪ್ಪತ್ತು ದಾಟಿದ ಹೆಂಗಸು, ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಥಯಾಜೈಡ್ ಗುಂಪಿನ ಮಾತ್ರೆ, ಅದರ ಮೇಲೆ ಹತ್ತು ದಿನದಿಂದ ಎಸ್ಸಿಟಲೋಪ್ರಾಮ್: ಈ ಮೂರು ಒಟ್ಟುಗೂಡಿದಲ್ಲಿ ಸೋಡಿಯಂ ಇಳಿಯುವುದನ್ನು ನಿರೀಕ್ಷಿಸಬೇಕು. ಮೊದಲು ಊಟ ಬೇಡವೆನ್ನುತ್ತಾರೆ, ತಲೆನೋವೆನ್ನುತ್ತಾರೆ, ಆಮೇಲೆ ಮೊಮ್ಮಗನ ಹೆಸರು ತಪ್ಪಿ ಮಗನ ಹೆಸರು ಕರೆಯುತ್ತಾರೆ, ನಡೆಯುವಾಗ ವಾಲುತ್ತಾರೆ. ಮನೆಯವರ ಕಣ್ಣಿಗೆ ಇದು ಖಿನ್ನತೆ ಹೆಚ್ಚಾದಂತೆಯೋ ಮರೆವಿನ ಕಾಯಿಲೆ ಶುರುವಾದಂತೆಯೋ ಕಾಣುತ್ತದೆ. ಮಾತ್ರೆಯ ಪ್ರಮಾಣ ಹೆಚ್ಚಿಸಿ ಎಂದು ಅವರೇ ಒತ್ತಾಯಿಸುವುದೂ ಉಂಟು. ಪರೀಕ್ಷೆ ಸುಲಭದ್ದು. ಸೋಡಿಯಂ 135ಕ್ಕಿಂತ ಕಡಿಮೆಯಾದರೆ ತಿಳಿಸಬೇಕು, 125ಕ್ಕಿಂತ ಕೆಳಗಿಳಿದರೆ ತುರ್ತು; ಫಿಟ್ಸ್ ಬರಬಹುದು. ಉಪ್ಪಿನ ನೀರು ಕುಡಿಸುವುದು, ಗ್ಲೂಕೋಸ್ ಹಚ್ಚುವುದು ಮುಂತಾದ ಮನೆಮದ್ದಿನ ಉತ್ಸಾಹವನ್ನು ತಡೆಯಿರಿ, ಏಕೆಂದರೆ ದೇಹದಲ್ಲಿ ನೀರು ಹೆಚ್ಚಾಗಿ ನಿಂತದ್ದೇ ಇಲ್ಲಿ ಸಾಮಾನ್ಯ ಕಾರಣ. ಸೋಡಿಯಂ ಅನ್ನು ಎಷ್ಟು ನಿಧಾನವಾಗಿ ಏರಿಸಬೇಕೆಂಬುದಕ್ಕೂ ಮಿತಿಯಿದೆ, ಅವಸರ ಮಾಡಿದರೆ ಮೆದುಳಿಗೆ ಪೆಟ್ಟು. 65 ದಾಟಿದವರಿಗೆ ಎಸ್ಸಿಟಲೋಪ್ರಾಮ್ ಸಾಮಾನ್ಯವಾಗಿ ದಿನಕ್ಕೆ 10 ಮಿಲಿಗ್ರಾಂ ಮೀರುವುದಿಲ್ಲ, ಏಕೆಂದರೆ ಇಸಿಜಿಯಲ್ಲಿ ಕ್ಯೂಟಿ ಅಂತರ ಹಿಗ್ಗಿ ಹೃದಯದ ಲಯ ಕೆಡುವ ಭಯವಿದೆ. ಚೀಟಿಯಲ್ಲಿ 20 ಎಂದು ಕಂಡರೆ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಜ್ವರವೆಂದು ಬಂದವರ ಪಾದ

ಮಳೆಗಾಲದಲ್ಲಿ ಮುಂಬಯಿಯ ವಾರ್ಡುಗಳಲ್ಲಿ ಜ್ವರವೆಂದರೆ ಮಲೇರಿಯಾ, ಡೆಂಗಿ, ಲೆಪ್ಟೊ (ಇಲಿಜ್ವರ) ಈ ಮೂರರ ಪರೀಕ್ಷೆಯೇ ಮೊದಲು ಆಗುತ್ತದೆ, ಆಗಬೇಕಾದದ್ದೂ ಹೌದು. ಆದರೆ ರೋಗಿ ಖಿನ್ನತೆಯ ಔಷಧಿಯಲ್ಲಿದ್ದು, ನಿನ್ನೆ ಮೊನ್ನೆ ನೋವಿಗೆ ಟ್ರಮಡಾಲ್ ಅಥವಾ ಸೋಂಕಿಗೆ ಲಿನೆಜೋಲಿಡ್ ಸೇರಿಸಲಾಗಿದ್ದು, ಈಗ ಬೆವರು, ನಡುಕ, ಭೇದಿ, ಗಾಬರಿ, ಮೈಬಿಸಿ ಒಟ್ಟಿಗೆ ಬಂದಿದ್ದರೆ ಸಿರೊಟೊನಿನ್ ಸಿಂಡ್ರೋಮ್, ಅಂದರೆ ದೇಹದಲ್ಲಿ ಸಿರೊಟೊನಿನ್ ಮಿತಿಮೀರಿದ ಸ್ಥಿತಿ, ನೆನಪಾಗಬೇಕು. ಬಹುತೇಕ ಪ್ರಕರಣಗಳು ಹೊಸ ಔಷಧಿ ಸೇರಿದ ಅಥವಾ ಪ್ರಮಾಣ ಹೆಚ್ಚಿದ 24 ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತವೆ.

ಇದನ್ನು ಪತ್ತೆಮಾಡಲು ಉಪಕರಣ ಬೇಡ. ರೋಗಿಯನ್ನು ಮಲಗಿಸಿ, ಮೊಣಕಾಲನ್ನು ಸ್ವಲ್ಪ ಮಡಿಸಿ, ಒಂದು ಕೈಯಿಂದ ಕಾಲನ್ನು ಹಿಡಿದುಕೊಳ್ಳಿ. ಇನ್ನೊಂದು ಕೈಯಿಂದ ಪಾದದ ಮುಂಭಾಗವನ್ನು ಮೊಳಕಾಲಿನ ಕಡೆಗೆ ಒಮ್ಮೆಲೇ ಎತ್ತಿ, ಹಾಗೆಯೇ ಒತ್ತಿ ಹಿಡಿಯಿರಿ. ಆರೋಗ್ಯವಂತರಲ್ಲಿ ಪಾದ ಸುಮ್ಮನಿರುತ್ತದೆ. ಇಲ್ಲಿ ಅದು ನಿಮ್ಮ ಅಂಗೈಯನ್ನು ಹೊಲಿಗೆ ಯಂತ್ರದ ಪೆಡಲಿನಂತೆ ತಾಳಬದ್ಧವಾಗಿ ಒದೆಯುತ್ತದೆ. ಇದು ಕೈಗಿಂತ ಕಾಲಿನಲ್ಲಿ ಸ್ಪಷ್ಟ. ಕಂಡೊಡನೆ ಸಿರೊಟೊನಿನ್ ಹೆಚ್ಚಿಸುವ ಮುಂದಿನ ಮಾತ್ರೆಯನ್ನು ತಡೆಹಿಡಿದು ವೈದ್ಯರನ್ನು ಕರೆಯಿರಿ, ಉಷ್ಣತೆ, ನಾಡಿ, ರಕ್ತದೊತ್ತಡಗಳನ್ನು ಪದೇಪದೇ ನೋಡಿ. ಮೈಬಿಸಿ ಏರುತ್ತಿದ್ದರೆ ಮೈಯನ್ನು ತಂಪುಗೊಳಿಸುವುದು ಮುಖ್ಯ. ಇಲ್ಲಿ ಬಿಸಿ ಹುಟ್ಟುವುದು ಸ್ನಾಯುಗಳ ಬಿಗಿತದಿಂದ, ಹಾಗಾಗಿ ಪ್ಯಾರಾಸಿಟಮಾಲ್‌ನಿಂದ ಹೆಚ್ಚೇನೂ ಆಗದು.

ನಿದ್ದೆಯ ಗುಳಿಗೆ ಎಂದು ಕರೆಯಲ್ಪಡುವವು

ಅಲ್ಪ್ರಾಜೋಲಾಂ, ಕ್ಲೋನಾಜೆಪಾಂ, ಲೊರಾಜೆಪಾಂ, ಡೈಜೆಪಾಂ. ಇವು ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎದೆಬಡಿತವನ್ನೂ ಗಾಬರಿಯನ್ನೂ ಇಳಿಸುತ್ತವೆ, ಆದ್ದರಿಂದಲೇ ರೋಗಿಗಳಿಗೆ ಇವುಗಳ ಮೇಲೆ ಪ್ರೀತಿ ಹೆಚ್ಚು. ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ದಿನವೂ ಕೊಡುವುದು ಸೂಕ್ತವಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದರೂ, ವರ್ಷಗಟ್ಟಲೆ ನುಂಗುತ್ತಿರುವ ಅಜ್ಜಂದಿರು ಪ್ರತಿ ಸೊಸೈಟಿಯಲ್ಲೂ ಸಿಗುತ್ತಾರೆ. ಅಲ್ಪ್ರಾಜೋಲಾಂ, ಡೈಜೆಪಾಂಗಳು 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ, ಬಿಗಿ ನಿಯಮಗಳ ಔಷಧಿಪಟ್ಟಿಯಾದ ಷೆಡ್ಯೂಲ್ ಎಚ್1ರಲ್ಲಿವೆ. ಔಷಧಿ ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಹಳೆಯ ಚೀಟಿ ತೋರಿಸಿ ಕೊಳ್ಳುವ ಅಭ್ಯಾಸವನ್ನು ಮನೆ ಶುಶ್ರೂಷೆಯಲ್ಲಿರುವವರು ಪ್ರೋತ್ಸಾಹಿಸಬಾರದು.

ನಮ್ಮ ದೇಶದಲ್ಲಿ ಎಸ್ಸಿಟಲೋಪ್ರಾಮ್ ಮತ್ತು ಕ್ಲೋನಾಜೆಪಾಂ ಎರಡನ್ನೂ ಒಂದೇ ಮಾತ್ರೆಯಲ್ಲಿ ಬೆರೆಸಿ ಮಾರುವುದು ತೀರ ಸಾಮಾನ್ಯ. ನನಗೆ ಈ ಬೆರಕೆಯ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮೊದಲನೆಯದನ್ನು ತಿಂಗಳುಗಟ್ಟಲೆ ಮುಂದುವರಿಸಬೇಕು, ಎರಡನೆಯದನ್ನು ಕೆಲವೇ ವಾರಗಳಲ್ಲಿ ಇಳಿಸಬೇಕು. ಒಂದೇ ಮಾತ್ರೆಯಲ್ಲಿದ್ದರೆ ಎರಡೂ ಒಟ್ಟಿಗೆ ಮುಂದುವರಿಯುತ್ತವೆ ಇಲ್ಲವೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ರೋಗಿ ತಾನು ನುಂಗುವುದು ಒಂದು ಮಾತ್ರೆ ಎಂದೇ ಹೇಳುತ್ತಾನೆ. ಸ್ಟ್ರಿಪ್ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ, ಒಳಗಿರುವ ಎರಡೂ ಹೆಸರುಗಳನ್ನು ಚಾರ್ಟಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಬೇರೆ ಕಾಯಿಲೆಗೆಂದು ಸೇರಿದ ರೋಗಿ ಎರಡು ಮೂರನೆಯ ದಿನ ನಡುಗತೊಡಗಿದರೆ, ಮನೆಯಲ್ಲಿ ನುಂಗುತ್ತಿದ್ದ ಇಂಥ ಮಾತ್ರೆ ಇಲ್ಲಿ ತಪ್ಪಿಹೋಗಿದೆಯೇ ಎಂದು ನೋಡಬೇಕು. ಬಹುಕಾಲ ತೆಗೆದುಕೊಂಡವರು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ.

ಕೊಡುವ ಮುನ್ನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ನಿಮಿಷಕ್ಕೆ 12ಕ್ಕಿಂತ ಕಡಿಮೆಯಿದ್ದರೆ, ಅಥವಾ ಕರೆದರೆ ಏಳದಷ್ಟು ಮಂಪರಿದ್ದರೆ ಮಾತ್ರೆ ಕೊಡದೆ ವೈದ್ಯರಿಗೆ ತಿಳಿಸಿ. ಮದ್ಯ ಮತ್ತು ಮಾರ್ಫಿನ್ ಜಾತಿಯ ನೋವಿನ ಔಷಧಿಗಳೊಡನೆ ಇವು ಉಸಿರನ್ನೇ ಅಡಗಿಸಬಲ್ಲವು. ಚಾಳಿನಲ್ಲಿ ಶೌಚಾಲಯ ಗ್ಯಾಲರಿಯ ಕೊನೆಯಲ್ಲಿರುತ್ತದೆ. ರಾತ್ರಿ ಎರಡಕ್ಕೆ ಕ್ಲೋನಾಜೆಪಾಂ ಮಂಪರಿನಲ್ಲಿ ಎದ್ದು ಅಲ್ಲಿಯವರೆಗೆ ನಡೆಯುವ ಅಜ್ಜಿಯ ಸೊಂಟದ ಮೂಳೆ ಮುರಿಯುವ ಸಂಭವವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮನೆಯವರೊಡನೆ ಮಾತಾಡಿ. ಮಲಗುವ ಮುಂಚೆ ಶೌಚಕ್ಕೆ ಕರೆದೊಯ್ಯುವುದು, ಹಾಸಿಗೆಯ ಬಳಿ ಪಾತ್ರೆ, ಒಂದು ಸಣ್ಣ ದೀಪ, ಎದ್ದೊಡನೆ ನಿಲ್ಲದೆ ಒಂದು ನಿಮಿಷ ಕುಳಿತಿರುವುದು ಇವು ಖರ್ಚಿಲ್ಲದ ಉಪಾಯಗಳು.

ಚಟ ಹಿಡಿಸದ ಆತಂಕದ ಔಷಧಿಗಳೂ ಇವೆ. ಬುಸ್ಪಿರೋನ್ ಗುಣ ತೋರಿಸಲು ಎರಡು ವಾರವಾದರೂ ಬೇಕು, ಬೇಕೆನಿಸಿದಾಗ ನುಂಗುವ ಮಾತ್ರೆ ಅದಲ್ಲ. ಪ್ರೊಪ್ರನೊಲಾಲ್ ನಡುಕ, ಎದೆಬಡಿತಗಳಿಗೆ ಒಳ್ಳೆಯದು. ಆಸ್ತಮಾ ಇರುವವರಿಗೆ ಕೂಡದು, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗಿನ ಎದೆಬಡಿತದ ಸೂಚನೆಯನ್ನು ಮುಚ್ಚಿಡುತ್ತದೆ, ನಾಡಿ 60ಕ್ಕಿಂತ ಕಡಿಮೆಯಿದ್ದರೆ ಕೇಳದೆ ಕೊಡಬಾರದು.

ಉಳಿದವುಗಳ ಬಗ್ಗೆ ಚುಟುಕಾಗಿ

ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್ ಹಳೆಯ ಔಷಧಿಗಳು, ಅಗ್ಗವಾದ್ದರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಈಗಲೂ ಬಳಕೆಯಲ್ಲಿವೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ನಿಂತಾಗ ತಲೆಸುತ್ತು ಇವುಗಳ ಲಕ್ಷಣ; ಪ್ರಾಸ್ಟೇಟ್ ತೊಂದರೆ ಅಥವಾ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವವರನ್ನು ಗುರುತಿಸಿಡಿ. ಮಿತಿಮೀರಿ ನುಂಗಿದರೆ ಹೃದಯದ ಲಯವೇ ಕೆಡುವುದರಿಂದ, ಆತ್ಮಹತ್ಯೆಯ ಯೋಚನೆಯಿರುವವರ ಕೈಗೆ ಒಂದು ವಾರಕ್ಕಿಂತ ಹೆಚ್ಚಿನ ಮಾತ್ರೆ ಹೋಗದಂತೆ ವೈದ್ಯರಲ್ಲಿ ಕೇಳಿಕೊಳ್ಳಿ, ಮನೆಯಲ್ಲಿ ಬೀಗದೊಳಗಿಡಲು ಹೇಳಿ. ವೆನ್ಲಾಫ್ಯಾಕ್ಸಿನ್ ರಕ್ತದೊತ್ತಡ ಏರಿಸಬಹುದು. ಬುಪ್ರೊಪಿಯಾನ್ ಫಿಟ್ಸ್ ಇರುವವರಿಗೆ ಬೇಡ. ಮಿರ್ಟಾಜಪಿನ್ ಹಸಿವನ್ನೂ ತೂಕವನ್ನೂ ಹೆಚ್ಚಿಸುತ್ತದೆ, ಊಟ ಬಿಟ್ಟು ಸೊರಗಿದವರಿಗೆ ಅದೇ ಅನುಕೂಲವಾಗುವುದೂ ಇದೆ.

ಮಾತ್ರೆ ಗಂಟಲಿಳಿಯಿತೇ

ಮಾತ್ರೆಯ ಟ್ರೇ ಹಿಡಿದು ಸಾಲಾಗಿ ಕೊಟ್ಟುಹೋಗುವ ವಾರ್ಡಿನಲ್ಲಿ ಮಾತ್ರೆ ಕೆನ್ನೆಯೊಳಗೆ ಉಳಿಯುವುದು, ಆಮೇಲೆ ಸೆರಗಿನ ತುದಿಯ ಗಂಟಿಗೆ ಸೇರುವುದು ಹೊಸದೇನಲ್ಲ. ಗಂಟಿನಲ್ಲಿ ಒದ್ದೆಯಾಗಿ ಬಣ್ಣ ಬಿಟ್ಟ ಆರೇಳು ಮಾತ್ರೆ ಸಿಕ್ಕರೆ ಅದಕ್ಕೆ ಎರಡು ಅರ್ಥಗಳಿರಬಹುದು: ಔಷಧಿಯ ಮೇಲೆ ನಂಬಿಕೆಯಿಲ್ಲ, ಅಥವಾ ಒಮ್ಮೆಲೇ ನುಂಗಲು ಕೂಡಿಡುತ್ತಿದ್ದಾರೆ. ಬೈಯದೆ, ಎರಡನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಮಾತ್ರೆಯ ನಂತರ ಪೂರ್ತಿ ಲೋಟ ನೀರು ಕುಡಿಸಿ, ಎರಡು ಮಾತು ಆಡಿಸಿ, ಅವಶ್ಯವಿದ್ದರೆ ನಾಲಿಗೆ ಎತ್ತಲು ಹೇಳಿ.

ನಿಮ್ಮ ರೋಗಿ ನಿಮ್ಮದೇ ಊರಿನ, ನಿಮ್ಮದೇ ಸಂಘದ ಪರಿಚಯದವರಾಗಿರಬಹುದು. ಮುಂಬಯಿಯ ಮಾಟುಂಗಾದಲ್ಲಿ ಸಂಘದ ಕಾರ್ಯಕ್ರಮವಾದಾಗ ಅವರ ಅತ್ತೆ ನಿಮ್ಮ ಪಕ್ಕದಲ್ಲೇ ಕುಳಿತು “ನಮ್ಮ ಸೊಸೆ ನಿಮ್ಮಲ್ಲಿ ಯಾಕೆ ಬರುತ್ತಾಳೆ?” ಎಂದು ಕೇಳಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೆಯ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ. “ನೀವು ಅವರನ್ನೇ ಕೇಳಿ ಅಮ್ಮಾ” ಎಂದಷ್ಟೇ ಹೇಳಿದರೆ ಸಾಕು. ಬಸುರಿಯರು, ಬಾಣಂತಿಯರು ಮನೆಯವರ ಮಾತಿಗೆ ಹೆದರಿ ಔಷಧಿಯನ್ನು ಹಠಾತ್ತನೆ ಬಿಡುವುದು ಹೀಗೆ ಸುದ್ದಿ ಹರಡಿದಾಗಲೇ. ಪ್ಯಾರಾಕ್ಸೆಟಿನ್ ಗರ್ಭಾವಸ್ಥೆಯಲ್ಲಿ ಸಾಮಾನ್ಯವಾಗಿ ತಪ್ಪಿಸುವ ಔಷಧಿ, ಸರ್ಟ್ರಾಲಿನ್ ಹಾಲುಣಿಸುವವರಿಗೆ ಹೆಚ್ಚಾಗಿ ಆರಿಸುವ ಔಷಧಿ. ಯಾವುದನ್ನೇ ಆಗಲಿ ಬದಲಿಸುವ ನಿರ್ಧಾರ ವೈದ್ಯರ ಎದುರು ಆಗಬೇಕು.

ಮನೆಗೆ ಹೋಗುವಾಗ, ಊರಿಗೆ ಹೋಗುವಾಗ

ಮೊದಲ ಸಲ ಖಿನ್ನತೆ ಬಂದವರು ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಅದೇ ಪ್ರಮಾಣ ಮುಂದುವರಿಸಬೇಕು, ಮತ್ತೆ ಮತ್ತೆ ಬಂದವರಿಗೆ ಎರಡು ವರ್ಷ ಅಥವಾ ಹೆಚ್ಚು ಹೇಳುತ್ತಾರೆ. ನಿಲ್ಲಿಸುವುದೂ ಹಂತಹಂತವಾಗಿಯೇ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದ ಅನುಭವ, ಅಳು, ಕೆಟ್ಟ ಕನಸುಗಳು ಬರುತ್ತವೆ. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಹೆಚ್ಚು, ದೇಹದಲ್ಲಿ ವಾರಗಟ್ಟಲೆ ಉಳಿಯುವ ಫ್ಲೂಆಕ್ಸೆಟಿನ್‌ನಲ್ಲಿ ಕಡಿಮೆ.

ವೈದ್ಯರಲ್ಲದವರ ನಿಯಮಿತ ವಿಚಾರಣೆಯಿಂದ ಫಲವಿದೆಯೇ ಎಂಬ ಪ್ರಶ್ನೆಗೆ ಗೋವಾದಲ್ಲಿಯೇ ಉತ್ತರ ಸಿಕ್ಕಿದೆ. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಆತಂಕ, ಖಿನ್ನತೆಯ ರೋಗಿಗಳನ್ನು ಹಿಂಬಾಲಿಸಿ ನೋಡಿಕೊಂಡಾಗ ಗುಣವಾದವರ ಪ್ರಮಾಣ ಹೆಚ್ಚಿದ್ದನ್ನು ವಿಕ್ರಮ್ ಪಟೇಲ್ ಮತ್ತು ಸಂಗಡಿಗರ ಅಧ್ಯಯನ 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿತು. ಬಿಡುಗಡೆಯ ನಂತರದ ಒಂದು ಫೋನ್ ಕರೆಯನ್ನು ಹೆಚ್ಚುವರಿ ಹೊರೆಯೆಂದು ಎಣಿಸದೆ ಚಿಕಿತ್ಸೆಯ ಭಾಗವೆಂದು ಎಣಿಸಲು ಇಷ್ಟು ಆಧಾರ ಸಾಕೆಂದು ನನ್ನ ಎಣಿಕೆ.

ನಮ್ಮ ಜನರಿಗೆ ಊರಿನ ಪ್ರಯಾಣವೇ ಚಿಕಿತ್ಸೆ ಮುರಿಯುವ ಜಾಗ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಂತಾಗ ಗೋವಾದಿಂದ, ಜಾತ್ರೆ ಮತ್ತು ಮದುವೆಯ ದಿನಗಳಲ್ಲಿ ಪುಣೆ, ಮುಂಬಯಿಗಳಿಂದ ಹೊರಟವರು ಹತ್ತು ದಿನದ ಮಾತ್ರೆ ಕಟ್ಟಿಕೊಂಡು ಹೋಗಿ ತಿಂಗಳು ಉಳಿಯುತ್ತಾರೆ. ಯಾವಾಗ ಊರಿಗೆ ಹೋಗುತ್ತೀರಿ ಎಂದು ನೀವೇ ಮುಂದಾಗಿ ಕೇಳಿ, ಅಷ್ಟು ದಿನಕ್ಕೆ ಸಾಲುವಷ್ಟು ಬರೆಸಿಕೊಡಿ. ಆತ್ಮಹತ್ಯೆಯ ಯೋಚನೆಯಿದ್ದವರಾದರೆ ಮಾತ್ರೆಗಳು ಜೊತೆಗೆ ಹೋಗುವವರ ಕೈಯಲ್ಲಿರಲಿ. ಕಂಪನಿಯ ಹೆಸರು ಊರಿನ ಅಂಗಡಿಯಲ್ಲಿ ಸಿಗದಿರಬಹುದಾದ್ದರಿಂದ ಮೂಲ ಔಷಧಿಯ ಹೆಸರನ್ನೂ ಮಿಲಿಗ್ರಾಂ ಅನ್ನೂ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ಕೊಡಿ. ಮುಗಿದುಹೋದರೆ ಅಲ್ಲಿಯ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಅದೇ ಚೀಟಿ ಹಿಡಿದು ಹೋಗಬಹುದೆಂದು ತಿಳಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಹಣ ಕೊಡದೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು. ಆ ಸಂಖ್ಯೆಯನ್ನೂ ಅದೇ ಚೀಟಿಯ ಹಿಂಬದಿಗೆ ಬರೆಯಿರಿ. ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಲಿ, ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಲಿ, ಎರಡನ್ನು ಒಟ್ಟಿಗೆ ನುಂಗುವುದು ಬೇಡ. ಈ ಮಾತನ್ನು ನೀವು ಹೇಳಿದ ಮೇಲೆ ಅವರ ಬಾಯಿಂದಲೂ ಒಮ್ಮೆ ಹೇಳಿಸಿ, ತಪ್ಪಿದ್ದರೆ ತಿದ್ದಿ, ಆಮೇಲೆ ಡಿಸ್‌ಚಾರ್ಜ್ ಕಾರ್ಡಿಗೆ ಸಹಿ ಹಾಕಿ.